ಸೆನ್ಸಾರ್ ಕಣ್ತಪ್ಪಿಸಿದ ಬೀಳಗಿಯ ದನಿ

ಕುಳಗೇರಿ ಕ್ರಾಸಿನಲ್ಲಿ ಇಳಿದವರು ಬಾದಾಮಿ ಬಸ್ಸು ಹುಡುಕುತ್ತಾರೆ. ನಾನು ನಡೆದದ್ದು ನಿವೃತ್ತ ಮಾಸ್ತರರೊಬ್ಬರ ಪಡಸಾಲೆಗೆ. ಅವರ ಗ್ರಾಮೋಫೋನು ಇನ್ನೂ ಹಾಡುತ್ತದೆಂದು ಕೇಳಿದ್ದೆ. ಮಾಸ್ತರರು ಧೋತರದ ಚುಂಗಿನಿಂದ ಅರಗಿನ ತಟ್ಟೆ ಒರೆಸಿ, ಚಾವಿ ಕೊಟ್ಟು, ಮುಳ್ಳು ಇಟ್ಟರು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಅದರೊಳಗಿಂದ ಎದೆ ತುಂಬಿ ಬಂದ ಹೆಣ್ಣುದನಿ.

“ಮುಂಬೈದಾಕಿ ಅನಕೊಂಡಿರೇನ್ರಿ? ಈಕಿ ನಮ್ಮ ಬೀಳಗಿಯಾಕಿ!”

ಅಮೀರಬಾಯಿ ಕರ್ನಾಟಕಿ! 1944ರ ‘ರತನ್’ ಚಿತ್ರದ ಹಾಡು. ಚಾವಿ ಇಳಿದಂತೆ ದನಿ ಗಂಡಸಿನದಾಗುತ್ತಿತ್ತು. ಮಾಸ್ತರರು ಲಗುಬಗೆಯಿಂದ ತಿರುವಿ ಮತ್ತೆ ಹೆಣ್ಣಾಗಿಸುತ್ತಿದ್ದರು. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲೇ ಆಲಾಪ, ಅಳಲು, ಬಿನ್ನಾಣ ಎಲ್ಲ ಮುಗಿಯಬೇಕು. ಮುಗಿಸುತ್ತಾಳೆ, ಎಲ್ಲಿಯೂ ಅವಸರವಿಲ್ಲದೆ.

ಕೆರೂರು, ಗದ್ದನಕೇರಿ ದಾಟಿ ಇದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಆಕೆಯ ಊರಿನ ತಿರುವು. ಕಂಪನಿ ನಾಟಕದ ನಂಟಿನ ಮನೆತನ, ಮುಂಬೈ, 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರ, 1940ರಲ್ಲಿ ‘ನರಸಿ ಭಗತ್’. ಅದರ ‘ವೈಷ್ಣವ ಜನ ತೋ’ ಗಾಂಧೀಜಿಗೆ ಮೆಚ್ಚುಗೆಯಾಗಿತ್ತು ಎನ್ನದೆ ಅಮೀರಬಾಯಿ ಕುರಿತ ಲೇಖನ ಮುಗಿಯುವುದೇ ಅಪರೂಪ. ಆ ಕಂಠಕ್ಕೆ ಯಾರ ಶಿಫಾರಸೂ ಬೇಕಿಲ್ಲ ಎಂಬುದು ನನ್ನ ಮಾತು.

ನನ್ನನ್ನು ಕಾಡುವುದು 1943ರ ‘ಕಿಸ್ಮತ್’. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ. ‘ದೂರ ಸರಿಯಿರಿ, ಹಿಂದೂಸ್ತಾನ ನಮ್ಮದು’ ಎಂಬರ್ಥದ ಹಾಡು ಬರೆದವರು ಕವಿ ಪ್ರದೀಪ್, ಸಂಗೀತ ಅನಿಲ್ ಬಿಸ್ವಾಸ್. ಬ್ರಿಟಿಷ್ ಸೆನ್ಸಾರ್ ಬಿಟ್ಟದ್ದು ಹೇಗೆ? ಪದ್ಯದಲ್ಲಿ ಜರ್ಮನಿ, ಜಪಾನಿನ ಹೆಸರಿತ್ತು. ಯುದ್ಧದಲ್ಲಿ ಇಬ್ಬರೂ ಬ್ರಿಟಿಷರ ಶತ್ರುಗಳೇ! ಸರ್ಕಾರ ಅದನ್ನು ತನ್ನ ಪರ ಪ್ರಚಾರವೆಂದು ಓದಿಕೊಂಡಿತು. ಜನ ಮಾತ್ರ ಯಾರು ಸರಿಯಬೇಕೆಂದು ಸರಿಯಾಗಿಯೇ ತಿಳಿದರು. ಎಚ್ಚೆತ್ತ ಪೊಲೀಸರಿಗೆ ಸಿಗದಂತೆ ಪ್ರದೀಪ್ ತಲೆಮರೆಸಿಕೊಳ್ಳಬೇಕಾಯಿತು. ಕಲ್ಕತ್ತೆಯ ರಾಕ್ಸಿಯಲ್ಲಿ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಅಷ್ಟು ಕಾಲ ಖಾನ್ ಮಸ್ತಾನರ ಜೊತೆಗೂಡಿ ಬ್ರಿಟಿಷರನ್ನು ಗದರಿದ್ದು ಬೀಳಗಿಯ ಹೆಣ್ಣುಮಗಳು. ನಮ್ಮ ಜಿಲ್ಲೆಯ ಸ್ವಾತಂತ್ರ್ಯ ಹೋರಾಟದ ಪುಟಗಳಲ್ಲಿ ಅವಳಿಗೆ ಒಂದು ಸಾಲಾದರೂ ಬೇಡವೆ?

ಅಮೀರಬಾಯಿಯ ಅಕ್ಕತಂಗಿಯರಲ್ಲಿ ಗೋಹರಬಾಯಿಯದು ಬೇರೆ ಗತಿ. ಮರಾಠಿ ರಂಗನಟ ಬಾಲಗಂಧರ್ವರ ಜೊತೆ ರಂಗಕ್ಕೂ ಬಾಳಿಗೂ ನಿಂತ ಆಕೆಯನ್ನು ಅನೇಕರು ಅವರ ಸಾಲಕ್ಕೂ ಪತನಕ್ಕೂ ಕಾರಣವೆಂದೇ ಚಿತ್ರಿಸಿದರು. ಗಂಡಸಿನ ಸಾಲಕ್ಕೆ ಹೆಣ್ಣಿನ ಮೇಲೆ ಗೂಬೆ ಕೂರಿಸುವುದು ಹಳೆಯ ಚಾಳಿ, ಆ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ.

1949ರ ಹೊತ್ತಿಗೆ ಲತಾ ಮಂಗೇಶ್ಕರರ ಎಳೆದನಿ ಗೆದ್ದಿತು, ತುಂಬುದನಿಗಳು ಹಿಂದೆ ಸರಿದವು. 1965ರಲ್ಲಿ ಅಮೀರಬಾಯಿ ತೀರಿಕೊಂಡರು. ರಹಮತ್ ತರೀಕೆರೆ ಅವರು ಜೀವನಚರಿತ್ರೆ ಬರೆಯದಿದ್ದರೆ ಕನ್ನಡಿಗರಿಗೆ ಇಷ್ಟೂ ಉಳಿಯುತ್ತಿರಲಿಲ್ಲ. ಪುಸ್ತಕ ಬಂತು, ಇನ್ನು ದನಿ ಉಳಿಯಬೇಕು. ನಿಮ್ಮ ಅಟ್ಟದಲ್ಲಿ ಅರಗಿನ ತಟ್ಟೆಗಳಿದ್ದರೆ ಗುಜರಿಗೆ ಹಾಕಬೇಡಿ. ಮೊದಲು ಲೇಬಲ್ ಓದಿ, ಬಲ್ಲವರಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ.