ಕರಗಿಸುವ ಮೊದಲು ಚುಕ್ಕೆ ಎಣಿಸಿ

ರಾಣಿ ಛಾಪಿನ ಬೆಳ್ಳಿ ರೂಪಾಯಿಯ ಮೇಲಿನ ಇಸ್ವಿಯನ್ನು ನಾನು ನಂಬುವುದಿಲ್ಲ. ಬಾದಾಮಿಯಲ್ಲಿ ನಮ್ಮದು ಪತ್ತಾರಿಕೆಯ ಮನೆತನ. ಕಾಲುಂಗುರ, ಕಡಗ ಮಾಡಿಸಲು ಬಂದವರು ಅಜ್ಜಿಯ ಕಾಲದ ರೂಪಾಯಿಗಳನ್ನು ಸೀದಾ ತಕ್ಕಡಿಗೆ ಸುರಿಯುತ್ತಾರೆ. ‘ತೂಕ ನೋಡ್ರಿ, ಮತ್ತೇನ್ ನೋಡೂದೈತಿ?’ ತೂಕವೇನೋ ಸರಿಯೇ: ರೂಪಾಯಿ ಒಂದಕ್ಕೆ ಒಂದು ತೊಲಿ, ಅಂದರೆ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ನೋಡುವುದು ಇನ್ನೂ ಬಹಳವಿದೆ.

ಕಂಪನಿ ಸರ್ಕಾರ 1840ರ ರೂಪಾಯಿಯನ್ನು ಅದೇ ಇಸ್ವಿ ಹಾಕಿ ಸುಮಾರು ಎರಡು ದಶಕ ಹೊಡೆಯಿತು. ಹಾಗಾದರೆ ಹಿಂದಿನದು ಯಾವುದು, ಮುಂದಿನದು ಯಾವುದು? ಇಂಗ್ಲಿಷ್ ಬಾರದವರೂ ಹೇಳಬಹುದು. ರಾಣಿಯ ತಲೆಯ ಮೇಲೆ ಅಕ್ಷರಗಳು ಬಿಡದೆ ಸುತ್ತಿಕೊಂಡಿದ್ದರೆ ಮೊದಲ ಅಚ್ಚು. ಎಡಕ್ಕೆ ‘ವಿಕ್ಟೋರಿಯಾ’, ಬಲಕ್ಕೆ ‘ಕ್ವೀನ್’ ಎಂದು ಒಡೆದು ಕೂತಿದ್ದರೆ ನಂತರದ್ದು. ಕುತ್ತಿಗೆಯ ಬುಡದಲ್ಲಿ ಅಚ್ಚು ಕೊರೆದ ವಿಲಿಯಂ ವಾಯನ್‌ನ ಎರಡು ಅಕ್ಷರಗಳಿರುತ್ತವೆ. ಕೆಲವದರಲ್ಲಿ ಉಬ್ಬಿ, ಕೆಲವದರಲ್ಲಿ ಒಳಗೆ ತಗ್ಗಿ. ಹಿಂಬದಿಯ ಎಲೆಮಾಲೆಯಲ್ಲಿ ಕಾಯಿಗಳ ಸಂಖ್ಯೆಯೂ ಬದಲಾಗುತ್ತದೆ.

ನನಗೆ ಹೆಚ್ಚು ಪ್ರೀತಿ 1862ರದ್ದು. ಕಿರೀಟ ತೊಟ್ಟ ರಾಣಿ. ಈ ಇಸ್ವಿಯೂ 1873ರ ತನಕ ಹಾಗೇ ನಿಂತಿತು. ಹೊಡೆದ ವರ್ಷವನ್ನೇ ಹಾಕತೊಡಗಿದ್ದು 1874ರಿಂದ. ನಡುವಿನ ವರ್ಷಗಳ ಗುರುತಿಗೆಂದು ಮುಂಬಯಿ ಟಂಕಸಾಲೆಯವರು ಇಸ್ವಿಯ ಕೆಳಗೆ ಸಣ್ಣ ಚುಕ್ಕೆ ಇಟ್ಟರು. ಸವೆದ ನಾಣ್ಯದಲ್ಲಿ ಅದು ಚುಕ್ಕೆಯೋ ಕೊಳೆಯೋ ತಿಳಿಯದು. ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಬೇಕು, ಚುಕ್ಕೆಗೆ ನೆರಳಿರುತ್ತದೆ. ರಾಣಿಯ ರವಿಕೆಯ ಮುಂಪಟ್ಟಿ, ಹಿಂಬದಿಯ ಹೂವಿನ ಎಸಳು ಇವೂ ಅಚ್ಚಿನಿಂದ ಅಚ್ಚಿಗೆ ಬೇರೆ.

1911ರ ಐದನೇ ಜಾರ್ಜನ ರೂಪಾಯಿ ಇನ್ನೊಂದು ಮೋಜು. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗುಲ್ಲಾಯಿತು. ಚಲಾವಣೆಗೆ ಹೋಗದೆ ಉಳಿದ ಬಹುಪಾಲನ್ನು ಕರಗಿಸಿ, 1912ರಲ್ಲಿ ಆನೆಯನ್ನು ತಿದ್ದಿದರು. ಸೊಂಡಿಲು ನೋಡಿ, ಸಾಕು.

ನಮ್ಮ ಸೀಮೆಯದ್ದೇ ಆದ ರೂಪಾಯಿಯೂ ಇತ್ತು: ಮರಾಠರ ಆಳ್ವಿಕೆಯಲ್ಲಿ ಬಾಗಲಕೋಟೆಯ ಟಂಕಸಾಲೆಯಲ್ಲಿ ಹೊಡೆದ ಮಲ್ಹಾರಶಾಹಿ. ಯಂತ್ರವಲ್ಲ, ಸುತ್ತಿಗೆ ಪೆಟ್ಟು. ಅಚ್ಚು ಬೆಳ್ಳಿಬಿಲ್ಲೆಗಿಂತ ಅಗಲವಾಗಿದ್ದುದರಿಂದ ಪಾರ್ಸಿ ಬರಹದ ಒಂದು ತುಣುಕಷ್ಟೇ ಬೀಳುತ್ತಿತ್ತು. ಇಂಥವನ್ನು ಒಂಟಿಯಾಗಿ ಓದಲು ಹೋಗಬಾರದು. ಒಂದೇ ಅಚ್ಚಿನ ಮೂರು ನಾಲ್ಕು ಸಿಕ್ಕರೆ ಪಕ್ಕಪಕ್ಕ ಇಡಿ. ಒಂದರಲ್ಲಿ ತಪ್ಪಿದ ಅಕ್ಷರ ಇನ್ನೊಂದರಲ್ಲಿರುತ್ತದೆ.

ಬನಶಂಕರಿ ಜಾತ್ರೆಯಂಥ ಕಡೆ ಹಳೆ ನಾಣ್ಯ ಕೊಳ್ಳುವವರು ಅಂಚು ನೋಡಿ. ಎರಕದ ನಕಲಿಗೆ ಅಂಚಿನ ಗೀರು ಮೊಂಡಾಗಿರುತ್ತದೆ, ಕೆಲವೊಮ್ಮೆ ಜೋಡಣೆಯ ಗೆರೆಯೂ ಕಾಣುತ್ತದೆ. ಮನೆಯಲ್ಲಿರುವ ರೂಪಾಯಿಗೆ ದಯವಿಟ್ಟು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಸರಕ್ಕೆ ಕೊಂಡಿ ಬೆಸೆಯುವ ಮೊದಲೂ ಒಮ್ಮೆ ಚುಕ್ಕೆ ಎಣಿಸಿ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.