ಉಪ್ಪಿನ ಹದ ಬಲ್ಲ ಕಾಡು

ಜಾಲಹಳ್ಳಿಯಲ್ಲಿ ಕುಳಿತು ಕಡಲ ಕಾಡಿನ ಮಾತನ್ನಾಡಿದರೆ ಕೇಳುವವರಿಗೆ ನಗು ಬಂದೀತು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಕಡಲನ್ನು ಕಾಣಬೇಕಾದರೆ ಘಟ್ಟ ಇಳಿಯಬೇಕು. ಆದರೂ ನಮಗೂ ಹೊನ್ನಾವರದ ಅಳಿವೆಯ ಕೆಸರಿನಲ್ಲಿ ನಿಂತ ಕಾಂಡ್ಲ ಮರಗಳಿಗೂ ಒಂದು ನಂಟು ಉಂಟು. ಅದು ವಿದ್ಯುತ್ತಿನ ತಂತಿಯ ಮೂಲಕ ಬಂದ ನಂಟು. 1964ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಆಕಾಶವಾಣಿಗೆ ಬೇಕಾದ ಪ್ರಸಾರಯಂತ್ರಗಳ ತಯಾರಿಕೆ ಮೊದಲಾಯಿತು. ಅದೇ ವರ್ಷ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಆ ಹೊಳೆಯ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳನ್ನು ನಡೆಸಿತು, ಮನೆಮನೆಯ ರೇಡಿಯೋಗಳನ್ನು ಹಾಡಿಸಿತು. ವಿದ್ಯುತ್ತನ್ನು ಕೊಟ್ಟ ಮೇಲೆ ಆ ನೀರು ಎಲ್ಲಿಗೆ ಹೋಯಿತೆಂದು ನಾವು ಕೇಳಿದವರಲ್ಲ. ಅದು ಗೇರುಸೊಪ್ಪೆಯನ್ನು ದಾಟಿ ಹೊನ್ನಾವರದ ಅಳಿವೆಯನ್ನು ಸೇರಿತು. ಅಲ್ಲಿ ಅದು ಏನು ಮಾಡಿತೆಂಬುದನ್ನು ಅರಿಯಬೇಕಾದರೆ ಮೊದಲು ಕಾಂಡ್ಲದ ಬಾಳನ್ನು ಸ್ವಲ್ಪ ತಿಳಿಯಬೇಕು.

ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ದಿನಕ್ಕೆ ಎರಡು ಬಾರಿ ಭರತ, ಎರಡು ಬಾರಿ ಇಳಿತ. ಭರತದಲ್ಲಿ ಉಪ್ಪುನೀರು ಒಳಕ್ಕೆ ನುಗ್ಗುತ್ತದೆ. ಇಳಿತದಲ್ಲಿ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ನಡುವೆ ಉಳಿಯುವುದು ರಾಡಿ. ಆ ರಾಡಿಯೊಳಗೆ ಗಾಳಿಯ ಸುಳಿವಿಲ್ಲ. ಕಾಲಿಟ್ಟರೆ ಕೊಳೆತ ಮೊಟ್ಟೆಯ ನಾತ. ಮಾವು ಹಲಸುಗಳನ್ನು ಇಲ್ಲಿ ನೆಟ್ಟರೆ ಬೇರು ಉಸಿರುಗಟ್ಟಿ ಸಾಯುತ್ತವೆ. ಕಾಂಡ್ಲ ಮಾತ್ರ ಕಾಂಡದಿಂದಲೇ ಬಿಲ್ಲಿನಂತೆ ಬಾಗಿದ ಬೇರುಗಳನ್ನು ಇಳಿಬಿಟ್ಟು, ಮರಗಾಲು ಕಟ್ಟಿಕೊಂಡವರ ಹಾಗೆ ನಿಲ್ಲುತ್ತದೆ. ಅದರ ನೆರೆಯ ಉಪ್ಪಟ್ಟಿ ಮರದ ಉಪಾಯ ಬೇರೆ. ಅದು ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂಥ ಉಸಿರುಬೇರುಗಳನ್ನು ನೂರಾರು ಸಂಖ್ಯೆಯಲ್ಲಿ ಚಾಚುತ್ತದೆ. ಬೇರಿನ ಮೈಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಇಳಿತದ ಹೊತ್ತಿನಲ್ಲಿ ಗಾಳಿ ಒಳಗೆ ಹೋಗುತ್ತದೆ.

ಉಪ್ಪಿನ ವಿಚಾರದಲ್ಲಿಯೂ ಇವೆರಡರ ದಾರಿ ಬೇರೆಬೇರೆ. ಕಾಂಡ್ಲದ ಬೇರು ನೀರನ್ನು ಹೀರುವಾಗಲೇ ಉಪ್ಪಿನ ಬಹುಪಾಲನ್ನು ಸೋಸಿ ಹೊರಗೇ ಬಿಡುತ್ತದೆ. ಉಪ್ಪಟ್ಟಿಯಾದರೋ ಉಪ್ಪನ್ನು ಒಳಗೆ ಬರಗೊಟ್ಟು ಎಲೆಯಿಂದ ಹೊರಹಾಕುತ್ತದೆ. ಒಮ್ಮೆ ದೋಣಿಯ ಮುದುಕರೊಬ್ಬರು ಎಲೆಯೊಂದನ್ನು ಕಿತ್ತು ನನ್ನ ಕೈಗಿತ್ತು, “ನೆಕ್ಕಿ ನೋಡಿ” ಎಂದರು. ಸಂಕೋಚದಿಂದಲೇ ನೆಕ್ಕಿದೆ. ಉಪ್ಪಿನಕಾಯಿಯ ಜಾಡಿಯ ಬಾಯಿಯನ್ನು ನೆಕ್ಕಿದಂತಾಯಿತು!

ಇನ್ನು ಸಂತಾನದ ಮಾತು. ಬೀಜ ಕೆಸರಿಗೆ ಬಿದ್ದರೆ ಭರತ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಕಾಂಡ್ಲದ ಬೀಜ ತಾಯಿಮರದ ಮೇಲಿರುವಾಗಲೇ ಮೊಳೆಯುತ್ತದೆ. ಮೊಳಕೆ ನುಗ್ಗೆಕಾಯಿಯಂತೆ ಜೋತುಬಿದ್ದು ಬೆಳೆದು, ಬಲಿತ ಮೇಲೆ ಕಳಚಿಕೊಳ್ಳುತ್ತದೆ. ಕೆಲವು ಅಲ್ಲಿಯೇ ಕೆಸರಿಗೆ ನಾಟಿಕೊಳ್ಳುತ್ತವೆ. ಉಳಿದವು ತಿಂಗಳುಗಟ್ಟಲೆ ತೇಲಿ ಬೇರೆ ದಡವನ್ನು ಹಿಡಿಯುತ್ತವೆ. ಪ್ರಾಣಿಗಳಂತೆ ಮರಿ ಹಾಕುವ ಮರ ಎಂದರೂ ತಪ್ಪಲ್ಲ. ಅಂದಹಾಗೆ, ಈ ಬಳಗದ ಒಂದು ಜಾತಿಗೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ‘ಕಾಂಡೆಲಿಯಾ’ ಎಂಬ ಹೆಸರು ನಮ್ಮ ಕರಾವಳಿಯ ನುಡಿಯಿಂದಲೇ ಹೋದದ್ದು. 17ನೆಯ ಶತಮಾನದಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಇದು ಮಲಯಾಳದ ‘ಕಂಡೆಲ್’ ಎಂಬ ಹೆಸರಿನಿಂದ ದಾಖಲಾಗಿದೆ.

ಉದುರಿದ ಎಲೆಯನ್ನು ಏಡಿಗಳು ತಿನ್ನುತ್ತವೆ. ಕೊಳೆತದ್ದು ಸಿಗಡಿಗೂ ಮೀನುಮರಿಗೂ ಆಹಾರ. ದೊಡ್ಡ ಮೀನುಗಳು ನುಗ್ಗಲಾರದ ಬೇರುಗಳ ಸಂದಿ ಮರಿಗಳಿಗೆ ತೊಟ್ಟಿಲಿದ್ದಂತೆ. ಅಲೆಯ ಹೊಡೆತದಿಂದ ದಡವನ್ನು ಕಾಯುವುದೂ ಇವೇ ಬೇರುಗಳು. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಎಂಬ ಭತ್ತ ಬೆಳೆಯುವ ರೈತರು ಮಣ್ಣಿನ ಕಟ್ಟೆಯ ಹೊರಮೈಯಲ್ಲಿ ಕಾಂಡ್ಲವನ್ನು ಉಳಿಸಿಕೊಳ್ಳುತ್ತಿದ್ದುದು ಇದನ್ನು ಅರಿತೇ.

ಈ ಮರಗಳಿಗೆ ಉಪ್ಪೆಂದರೆ ಪ್ರಾಣ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಸಿಹಿನೀರಿನಲ್ಲಿಯೂ ಅವು ಬದುಕಬಲ್ಲವು. ಆದರೆ ಅಲ್ಲಿ ಜೊಂಡೂ ಇತರ ಗಿಡಗಳೂ ಬೇಗ ಬೆಳೆದು ಅವನ್ನು ಹಿಂದಿಕ್ಕುತ್ತವೆ. ಇತರರು ತಾಳಲಾರದ್ದನ್ನು ತಾಳುವುದರಿಂದಲೇ ಕಾಂಡ್ಲಕ್ಕೆ ಅಳಿವೆಯಲ್ಲಿ ಜಾಗ ದೊರೆತಿದೆ. ಅದರಲ್ಲಿಯೂ ಒಂದೊಂದು ಜಾತಿಗೆ ಒಂದೊಂದು ಹದ: ಕೆಲವು ಕಡಲ ಬಾಯಿಗೆ ಹತ್ತಿರ, ಕೆಲವು ಹೊಳೆಯ ಒಳಭಾಗದಲ್ಲಿ. ಮಳೆಗಾಲದಲ್ಲಿ ಅಳಿವೆ ಸಿಹಿಯಾಗುತ್ತದೆ. ಬೇಸಗೆಯಲ್ಲಿ ಹೊಳೆ ಬಡವಾದಾಗ ಉಪ್ಪು ಮೈಲಿಗಟ್ಟಲೆ ಒಳಗೆ ಬರುತ್ತದೆ. ವರ್ಷದ ಈ ಏರಿಳಿತಕ್ಕೆ ಮರ, ಮೀನು, ಚಿಪ್ಪಿ ಎಲ್ಲವೂ ಹೊಂದಿಕೊಂಡಿವೆ.

ಶರಾವತಿಯಲ್ಲಿ ತಪ್ಪಿದ್ದು ಈ ಏರಿಳಿತವೇ. ವಿದ್ಯುದಾಗಾರಕ್ಕೆ ಬೇಸಗೆಯ ರಜೆಯಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿಯೂ ಚಕ್ರಗಳನ್ನು ತಿರುಗಿಸಿದ ಸಿಹಿನೀರು ಕೆಳಗೆ ಹರಿಯುತ್ತದೆ. ಉಪ್ಪು ಒಳಗೆ ಬರುವ ಕಾಲದಲ್ಲಿ ಅದು ಬಾಗಿಲಲ್ಲೇ ತಡೆಯುತ್ತದೆ. ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆ ಜಾಲಹಳ್ಳಿಗೆ ದೂರವಲ್ಲ. ಅಲ್ಲಿನ ವಿಜ್ಞಾನಿಗಳು ಶರಾವತಿ, ಅಘನಾಶಿನಿ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಶರಾವತಿಯಲ್ಲಿ ಉಪ್ಪಿನಂಶ ಬಹಳ ಕಡಿಮೆ. ಚಿಪ್ಪಿಗಳ ಸಂಪತ್ತು ಕುಗ್ಗಿದೆ. ಸಿಹಿನೀರನ್ನು ಒಪ್ಪುವ ಜಾತಿಗಳದೇ ಮೇಲುಗೈ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಸ್ಥಿತಿ ಬೇರೆ. ಅಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬಳಚು ಮೊದಲಾದ ಚಿಪ್ಪಿ ದೊರೆಯುತ್ತದೆಂದೂ, ಎರಡು ಸಾವಿರಕ್ಕೂ ಹೆಚ್ಚು ಜನ ಅದನ್ನು ಆಯ್ದು ಬದುಕುತ್ತಾರೆಂದೂ 2008ರಲ್ಲಿ ಅವರು ಲೆಕ್ಕ ಹಾಕಿದರು. ಇಳಿತದಲ್ಲಿ ಎದೆಯ ಮಟ್ಟದ ನೀರಿಗಿಳಿದು, ಕಾಲಿನಿಂದ ಕೆಸರನ್ನು ತಡವಿ ಬಳಚು ಹೆಕ್ಕುವ ಹೆಂಗಸರು ಇವರಲ್ಲಿದ್ದಾರೆ. ನೀರಿನ ಉಪ್ಪು ಕೆಟ್ಟರೆ ಮೊದಲು ಬರಿದಾಗುವುದು ಇವರ ಬುಟ್ಟಿ.

ಅಘನಾಶಿನಿಗೂ ಕುತ್ತು ಬಾರದೆ ಹೋಗಲಿಲ್ಲ. ಅದರ ಬಾಯಿಯಲ್ಲಿರುವ ತದಡಿಯಲ್ಲಿ ಈ ಶತಮಾನದ ಮೊದಲ ದಶಕದಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲ ವಿದ್ಯುದಾಗಾರ ಕಟ್ಟುವ ಯೋಜನೆ ಬಂದಿತ್ತು. ಸ್ಥಳದ ಜನ ವಿರೋಧಿಸಿದರು, ಯೋಜನೆ ನಿಂತಿತು. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಸಾಲಿಗೆ ಸೇರಿತು.

ಸುಮಾರು 320 ಕಿಲೋಮೀಟರು ಉದ್ದದ ನಮ್ಮ ಕರಾವಳಿಯಲ್ಲಿ ಕಾಂಡ್ಲವನವಿರುವುದು, 2021ರ ಸಮೀಕ್ಷೆಯಂತೆ, ಬರಿಯ 13 ಚದರ ಕಿಲೋಮೀಟರು. ದೇಶದಲ್ಲೆಲ್ಲ ಸೇರಿ 4,992. 2019ರಲ್ಲಿ ನಮ್ಮ ಪಾಲು 10 ಇತ್ತು, ಆದ್ದರಿಂದ ಏರಿಕೆಯೇ. ಅರಣ್ಯ ಇಲಾಖೆ ಸಸಿಗಳನ್ನು ನೆಡಿಸುತ್ತಿದೆ. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮಗಳ ರಕ್ಷಣೆಯೂ ಉಂಟು. ಆದರೆ ನಿಯಮ ಮರ ಕಡಿಯುವ ಕೊಡಲಿಯನ್ನು ತಡೆದೀತು. ಮೇಲಿನಿಂದ ಬರುವ ನೀರಿನ ಹದವನ್ನು ಹೇಗೆ ತಡೆದೀತು? ವಿದ್ಯುದಾಗಾರವನ್ನು ಮುಚ್ಚಿರೆಂದು ಹೇಳುವಷ್ಟು ನಾನು ಧೀರನಲ್ಲ. ಈ ಲೇಖನವನ್ನು ಬರೆಯುತ್ತಿರುವುದೇ ದೀಪದ ಬೆಳಕಿನಲ್ಲಿ. ನೀರನ್ನು ಯಾವ ತಿಂಗಳಲ್ಲಿ ಎಷ್ಟು ಬಿಡಬೇಕೆಂದು ಗೊತ್ತುಮಾಡುವ ಮೇಜಿನ ಮುಂದೆ ಅಳಿವೆಯ ಉಪ್ಪಿನ ಲೆಕ್ಕವನ್ನೂ ಇಟ್ಟುಕೊಳ್ಳಲಿ ಎನ್ನುವುದಷ್ಟೇ ನನ್ನ ಮಾತು.

ಕಣ್ಣಾರೆ ನೋಡಬೇಕೆನ್ನುವವರಿಗೆ ಹೊನ್ನಾವರದಲ್ಲಿ ಕಾಂಡ್ಲವನದ ನಡುವೆ ಹಲಗೆಯ ಕಾಲುದಾರಿ ಕಟ್ಟಿದ್ದಾರೆ. ಹೊರಡುವ ಮೊದಲು ಇಳಿತದ ಹೊತ್ತನ್ನು ಅಲ್ಲಿಯವರಲ್ಲಿ ಕೇಳಿಕೊಳ್ಳಿರಿ. ಭರತದಲ್ಲಿ ಹೋದರೆ ಬರಿಯ ಹಸಿರು ತಲೆಗಳು ಕಾಣುತ್ತವೆ, ಬೇರುಗಳೆಲ್ಲ ನೀರಿನೊಳಗಿರುತ್ತವೆ.