ಕಾರಿಗೆ ಜ್ವರ ಬಂದಾಗ

ಚಾರ್ಮಾಡಿ ಘಾಟಿಯ ಏರಿನಲ್ಲಿ ಹಳೆಯ ಅಂಬಾಸಿಡರ್ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಒಳಗಿನಿಂದ ಬುಸ್ಸೆಂದು ಹಬೆ ಏಳುತ್ತಿದೆ. ಚಾಲಕ ಕ್ಯಾನು ಹಿಡಿದು ನೀರು ತರಲು ಹೊರಟಿದ್ದಾನೆ. ಇಂಥ ನೋಟವನ್ನು ನೀವೂ ಕಂಡಿರಬಹುದು. ಕಾರು ಓಡುವುದು ಪೆಟ್ರೋಲ್ ಅಥವಾ ಡೀಸೆಲ್‌ನಿಂದ ತಾನೆ? ಹಾಗಾದರೆ ನೀರೇಕೆ?

ಮಕ್ಕಳೇ, ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನ ಉರಿಯುವಾಗ ಕ್ಷಣಕಾಲ ಸುಮಾರು 2000 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಉಂಟಾಗುತ್ತದೆ. ಅಲ್ಯೂಮಿನಿಯಂ ಲೋಹ 660 ಡಿಗ್ರಿಗೇ ಕರಗಿಬಿಡುತ್ತದೆ! ಆದ್ದರಿಂದ ಎಂಜಿನ್ನಿನ ಗೋಡೆಗಳ ಟೊಳ್ಳಿನಲ್ಲಿ ನೀರನ್ನು ಹರಿಸುತ್ತಾರೆ. ಇಂಧನ ಕೊಟ್ಟ ಶಾಖದ ಸುಮಾರು ಮೂರರಲ್ಲೊಂದು ಪಾಲನ್ನು ಈ ನೀರು ಹೊತ್ತೊಯ್ಯುತ್ತದೆ. ಕಾದ ನೀರು ಮೇಲಿನ ರಬ್ಬರ್ ಪೈಪಿನಿಂದ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಸಣ್ಣ ನಳಿಕೆಗಳಲ್ಲಿ ಇಳಿಯುತ್ತಾ ಗಾಳಿಗೆ ತಣಿದು, ಕೆಳಗಿನ ಪೈಪಿನಿಂದ ಎಂಜಿನ್ನಿಗೆ ಮರಳುತ್ತದೆ. ನೀರನ್ನು ತಳ್ಳಲು ಒಂದು ಪಂಪು, ಗಾಳಿ ಎಳೆಯಲು ಒಂದು ಫ್ಯಾನು. ಅಂಬಾಸಿಡರಿನಲ್ಲಿ ಇವೆರಡನ್ನೂ ತಿರುಗಿಸುವುದು ಒಂದೇ ಬೆಲ್ಟು.

ಜ್ವರ ಯಾವ ಹೊತ್ತಿಗೆ ಬರುತ್ತದೆಂದು ವೈದ್ಯರು ಕೇಳುವುದಿಲ್ಲವೇ? ಜಾಣ ಮೆಕ್ಯಾನಿಕ್ ಕೂಡ ಮೊದಲು ಕೇಳುವುದು, “ಗಾಡಿ ಯಾವಾಗ ಬಿಸಿಯಾಗುತ್ತೆ?” ಎಂದೇ. ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಮಾತ್ರ ಕಾದರೆ ಫ್ಯಾನಿನ ಮೇಲೆ ಅನುಮಾನ. ಏಕೆಂದರೆ ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಘಾಟಿಯಲ್ಲಿ ಹಾಗಲ್ಲ. ಎಂಜಿನ್ನಿಗೆ ದುಡಿಮೆ ಹೆಚ್ಚು, ಗಾಡಿಯ ವೇಗ ಕಡಿಮೆ. ಬೆಲ್ಟು ಸಡಿಲವಾಗಿದ್ದರೆ ಗುಟ್ಟು ರಟ್ಟಾಗುವುದು ಅಲ್ಲಿಯೇ. ಎಂಜಿನ್ ನಿಲ್ಲಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಮೆಕ್ಯಾನಿಕ್‌ಗೆ ಅದು ತಿಳಿಯುತ್ತದೆ.

ವೇಗವಾಗಿ ಓಡುವಾಗಲೇ ಕಾದರೆ? ಆಗ ನೀರು ಸೋರಿ ಕಡಿಮೆಯಾಗಿರಬೇಕು, ಇಲ್ಲವೇ ಅದರ ಹರಿವಿಗೆ ಅಡ್ಡಿಯಿರಬೇಕು. ಬಚ್ಚಲಿನ ಹಂಡೆಯಲ್ಲಿ ಬೋರ್‌ವೆಲ್ ನೀರು ಕಾಯಿಸಿದರೆ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ನಳಿಕೆಗಳಲ್ಲೂ ಅದೇ ಕಟ್ಟಿಕೊಳ್ಳುತ್ತದೆ. ಅದಕ್ಕೇ ಬರಿಯ ನೀರಿಗಿಂತ ಕೂಲೆಂಟ್ ದ್ರವ ಬೆರೆಸುವುದು ಮೇಲು.

ಇನ್ನೊಂದು ಪುಟ್ಟ ಭಾಗವಿದೆ, ಥರ್ಮೋಸ್ಟಾಟ್. ಇದು ನೀರಿನ ದಾರಿಯಲ್ಲಿರುವ ಬಾಗಿಲು. ಸಾಮಾನ್ಯವಾಗಿ ಇದರೊಳಗೆ ಮೇಣ ತುಂಬಿರುತ್ತಾರೆ. ನೀರು ಸುಮಾರು 80 ಡಿಗ್ರಿ ದಾಟಿದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳಿ ತೆರೆಯುತ್ತದೆ. ವಿದ್ಯುತ್ತೂ ಬೇಡ, ಕಾವಲುಗಾರನೂ ಬೇಡ! ಅದು ತೆರೆಯದೆ ಕಚ್ಚಿಕೊಂಡರೆ ಎಂಜಿನ್ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿರುತ್ತದೆ. ಪರೀಕ್ಷೆಯೂ ಸುಲಭ. ಮೆಕ್ಯಾನಿಕ್ ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿಟ್ಟು ಕಾಯಿಸಿ ನೋಡುತ್ತಾನೆ. ಬಾಗಿಲು ತೆರೆದರೆ ಪಾಸು, ಇಲ್ಲದಿದ್ದರೆ ಫೇಲು. ಕೆಲವರು ಇದರ ತಂಟೆಯೇ ಬೇಡವೆಂದು ಕಿತ್ತೆಸೆಯುತ್ತಾರೆ. ಅದು ತಪ್ಪು. ಆಗ ಎಂಜಿನ್ ಬೇಗ ಬೆಚ್ಚಗಾಗದೆ ಹೆಚ್ಚು ಇಂಧನ ಕುಡಿಯುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಾದ ರೇಡಿಯೇಟರಿನ ಮುಚ್ಚಳವನ್ನು ಯಾರೂ ತೆರೆಯಬಾರದು. ಅದು ಪ್ರೆಷರ್ ಕುಕ್ಕರಿನಂತೆಯೇ. ಒಳಗಿನ ಒತ್ತಡ ವಾತಾವರಣದ ಒಂದೂವರೆ ಪಟ್ಟು ಇದ್ದರೆ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 111 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ. ಅಷ್ಟು ಬಿಸಿಯ ನೀರು ಒಮ್ಮೆಲೇ ಕುದಿದು ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಮುಖ, ಕೈ ಸುಟ್ಟುಕೊಂಡವರು, ಕಣ್ಣಿಗೆ ಪೆಟ್ಟು ಮಾಡಿಕೊಂಡವರು ಇದ್ದಾರೆ. ಕಾದ ಎಂಜಿನ್ನಿಗೆ ಥಟ್ಟನೆ ತಣ್ಣೀರು ಸುರಿಯುವುದೂ ಅಪಾಯ. ಬಿಸಿ ಗಾಜಿನ ಲೋಟದಂತೆ ಅದು ಬಿರುಕು ಬಿಡಬಹುದು.

ಅದಕ್ಕೇ ನೋಡಿ, ಚಾರ್ಮಾಡಿಯ ಆ ಚಾಲಕ ನೀರು ತಂದ ಮೇಲೂ ಅವಸರಪಡಲಿಲ್ಲ. ಕ್ಯಾನನ್ನು ಪಕ್ಕದಲ್ಲಿಟ್ಟುಕೊಂಡು ಎಂಜಿನ್ ಆರುವವರೆಗೆ ಮೋರಿಯ ಕಟ್ಟೆಯ ಮೇಲೆ ಕುಳಿತಿದ್ದ.